ಮೂರೂವರೆ ಸೂತು

ಹಿಂದಿನ ಸೀಟು ಎತ್ತಿ, ತಗಡಿನ ಮುಚ್ಚಳ ತೆಗೆದ್ರ
ಅಲ್ಲೇ ಕುಂತಿರತೈತಿ ಹೆರಾಲ್ಡಿನ ಬೆನ್ನಹುರಿ:
ಅಡ್ಡಕ ಮಲಗಿದ ಕಮಾನ ಪಾಟಾ,
ಒಂದರ ಮ್ಯಾಲೊಂದು ಎಲಿ,
ಈ ಗಾಲಿಯಿಂದ ಆ ಗಾಲಿಗೆ ಚಾಚಿದ ತೋಳು.
ನಡುವ ಬಿಗಿದು ಹಿಡದದ್ದು ಆರು ಸ್ಟಡ್ಡು,
ಮೂರು ಸೂತಿನವು,
ಡಿಫರೆನ್ಶಿಯಲ್ಲಿನ ಬೀಡಿನೊಳಗ ಬೇರು ಬಿಟ್ಟಂಗ.

ಫ್ಲೇವಿಯಾ ಬಾಯಾರು ಕ್ಯಾಂಪಿನಿಂದ ತಾವೇ ನಡಸಿಕೊಂಡು ಬಂದಿದ್ರು.
ಹೋದ ವರ್ಷ ಹುಬ್ಬಳ್ಳ್ಯಾಗ ಕೊಂಡ ಗಾಡಿ,
ಉಗುರಿಲೆ ಕೆರದ್ರ ಮೂರು ಬಣ್ಣ.
"ಚೋರ್ಲಾ ಘಾಟಿನ ತಿರುವಿನ್ಯಾಗ
ಹಿಂದ ಯಾರೋ ಬಾಗಲಾ ಬಡದಂಗ ಆಗತೈತಿ, ಮಿಸ್ತ್ರಿ,
ಹೊಳ್ಳಿ ನೋಡಿದ್ರ ಯಾರೂ ಇಲ್ಲ."

ಐದು ನಟ್ಟು ಬೈದು, ಕೂಗಿ, ಬಿಟ್ಟುವು.
ಆರನೇದು, ಎಡಕ್ಕ ಹಿಂದಿಂದು,
ಬೆರಳಿಗೇ ಬಂತು.
ಸ್ಟಡ್ಡು ಸೈತ ಅದರ ಕೂಡ ಎದ್ದು ಬಂತು
ಹಾಲಹಲ್ಲಿನಂಗ.

ಲಗಮಣ್ಣ ಬ್ಯಾಟರಿ ಹಿಡದ.
ತೂತಿನೊಳಗ ಎಳಿ ಇಲ್ಲ, ಬರೇ ನುಣುಪು,
ಮತ್ತ ಏನೋ ಬೆಳ್ಳಗ ಹೊಳೀತಿತ್ತು.
ಮ್ಯಾಗ್ನೆಟ್ ಇಳಿಸಿದೆ, ಒಲ್ಲೆ ಅಂತು.
ಚಿಮಟಗಿಲೆ ಎಳದೆ:
ಟೂತ್‌ಪೇಸ್ಟ್ ಟ್ಯೂಬಿನ ತಗಡಿನ ಪಟ್ಟಿ, ಸುರುಳಿ ಸುತ್ತಿದ್ದು,
ಮೂಲ್ಯಾಗ ಹಸರ ಬಣ್ಣದ ಅರ್ಧ ಅಕ್ಷರ,
ಅಂಚಿಗೆ ಬೆರಳಗಲಕ್ಕೊಂದು ಕಚ್ಚು.

ಆ ಕಚ್ಚು ನನಗ ಗೊತ್ತು.
ದಸ್ತಗೀರ ಉಸ್ತಾದರ ಕತ್ತರಿ ಬಾಯಾಗ ಒಂದು ಚೂರು ಹಾರಿತ್ತು,
ಯಾವ ತಗಡ ಕತ್ತರಿಸಿದ್ರೂ
ತನ್ನ ಸಹಿ ಹಾಕತಿತ್ತು.

ಎಂಬತ್ತೊಂದರ ಒಂದು ಶುಕ್ರವಾರ.
ಉಸ್ತಾದ್ರು ನಮಾಜಿಗೆ ಹೋಗ್ಯಾರ.
ಉದ್ಯಮಬಾಗದ ಭಟ್ಟಿಗಳ ಹೊಗಿ, ಸುಟ್ಟ ಮರಳಿನ ವಾಸನಿ,
ನನಗ ಹದಿನಾರು, ತೋಳಿನ್ಯಾಗ ಹೊಸಾ ಸೊಕ್ಕು.
ಪಾನಾಕ್ಕ ಒಂದು ಪೈಪು ಏರಿಸಿ ಜಗ್ಗಿದೆ.
ಬಿಗಿ, ಇನ್ನೂ ಬಿಗಿ, ಇನ್ನೂ
ಆಮ್ಯಾಲೆ ಒಮ್ಮಿಗಿಲೆ ಹಗುರ.
ಮುರದ ಸಪ್ಪಳ ಸೈತ ಇಲ್ಲ.
ಬೆಣ್ಣ್ಯಾಗ ಪಾನಾ ತಿರುವಿದಂಗ.
ಕಬ್ಬಿಣ ಸಾಯೂದು ಹಂಗ: ಒದರೂದಿಲ್ಲ,
ಕೈಯಾಗ ಮೆತ್ತಗಾಗತೈತಿ.

ಕಟ್ಟಿ ಮ್ಯಾಲಿನ ಖಾಲಿ ಟ್ಯೂಬು, ಕತ್ತರಿ, ಒಂದು ಸುತ್ತು.
ಉಸ್ತಾದ್ರು ಬಂದು ಕೇಳಿದ್ರು, "ಆತೇನ್ಲೇ?"
"ಆತ್ರಿ."

ಇಷ್ಟು ವರ್ಷ ಐದು ಸ್ಟಡ್ಡು ಕೂಡಿ ಆರನೇದರ ಸುಳ್ಳು ಹೊತ್ತಾವ,
ಗೋವಾಕ್ಕ, ಅಂಬೋಲಿಗೆ, ಯಾರ್ಯಾರದೋ ಲಗ್ನಕ್ಕ.
ಉಸ್ತಾದ್ರು ಹೋಗಿ ಹನ್ನೆರಡು ವರ್ಷ.
ಅವರ ಕತ್ತರಿ ಈಗೂ ನನ್ನ ಡ್ರಾದಾಗೈತಿ.

ಲೇಥಿಗೆ ಸರಳು ಕಟ್ಟಿದೆ.
ಹೊಸಾ ಸ್ಟಡ್ಡು: ತಳದಾಗ ಮೂರೂವರೆ ಸೂತು, ಮ್ಯಾಲ ಮೂರೇ.
ಮ್ಯಾಲಿಂದ ನೋಡಿದವರಿಗೆ ಉಳದ ಐದರಂಗೇ.
ತೂತು ಹಿಗ್ಗಿಸಿ, ಟ್ಯಾಪಿಗೆ ಗ್ರೀಸ್ ಮೆತ್ತಿ,
ಅರ್ಧ ಸುತ್ತು ಮುಂದ, ಕಾಲ ಸುತ್ತು ಹಿಂದ;
ಬೀಡಿನ ಪುಡಿ ಕಾಡಿಗಿ ಹಂಗ ಗ್ರೀಸಿಗೆ ಹತ್ತಿ ಬರತಿತ್ತು.
ಒರೆಸು, ಮತ್ತ ಇಳಿಸು.
ಮೂರು ಟ್ಯಾಪು, ಎರಡು ತಾಸು, ಒಂದಿಂಚಿನ ಆಳ.
ಹೊಸಾ ಎಳಿ ಬೇಕಂದ್ರ
ಗಟ್ಟಿ ಉಳದ ಬೀಡನ್ನೂ ಒಂದಿಷ್ಟು ಕಡೀಬೇಕು.

ಬಾಯಾರು ಚಾ ಮುಗಿಸಿ ಇಣಿಕಿದ್ರು.
"ಯಾರ್ ಮಾಡಿದ್ರು ಇದನ್ನ?"
"ಯಾವನೋ ಹುಡುಗ್ರಿ. ಹದಿನಾರಿರಬೇಕು."
"ತೂತು ನೋಡಿ ವಯಸ್ಸ ಹೇಳ್ತೀರೇನು!" ನಕ್ಕರು.
ನಾನೂ ನಕ್ಕೆ.
ಕಿಸೆದಾಗ ಪಟ್ಟಿ ಚುಚ್ಚತಿತ್ತು.

ಪಾನಾ ಲಗಮಣ್ಣನ ಕೈಗೆ ಕೊಟ್ಟೆ.
ಪೈಪು ಮಾತ್ರ ನನ್ನ ಕಾಲಾಗ ಒತ್ತಿ ಇಟಗೊಂಡಿದ್ದೆ.
ಮೂಲಿಯಿಂದ ಎದರ ಮೂಲಿಗೆ, ಇಷ್ಟಿಷ್ಟೇ,
ಪಾಟಾದ ಎಲಿ ಒಂದಕ್ಕೊಂದು ಕಿರ್ ಅನಕೋತ ಅಂಟಿದುವು.
ಆರನೇದಕ್ಕ ಬಂದ.
ಅವನ ಉಸಿರಿಗೆ ಕಿವಿ ಕೊಟ್ಟು ನಿಂತೆ.

"ಸಾಕು."

"ಇನ್ನೊಂದು ಕಾಲ ಸುತ್ತು ಹೋಗತೈತ್ರಿ."

"ಹೋಗತೈತಿ.
ಅದಕ್ಕ ಬ್ಯಾಡ."